ಹನಿ ನೀರಾವರಿಯ ತಂತ್ರಾಂಶ ವಾಸ್ತುಶಿಲ್ಪ: ಮರೋಳ ಯೋಜನೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನಲ್ಲಿರುವ ವಿರೂಪಾಕ್ಷ ದೇವಾಲಯವು ಎಂಟನೆಯ ಶತಮಾನದ ರಚನೆ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಇದನ್ನು ಕಟ್ಟಿಸಿದಳು. ಅಲ್ಲಿನ ಶಾಸನಗಳು ನಿರ್ಮಾತೃವನ್ನು ಹೆಸರಿಸುವಾಗ 'ಸೂತ್ರಧಾರಿ' ಎಂಬ ಪದವನ್ನು ಬಳಸುತ್ತವೆ. ಸೂತ್ರವೆಂದರೆ ಅಳತೆಯ ದಾರ. ಅದನ್ನು ಕೈಯಲ್ಲಿ ಹಿಡಿದು ತಳಪಾಯದ ಗೆರೆಯನ್ನು ನೆಲದ ಮೇಲೆ ಎಳೆಯುವವನೇ ಸೂತ್ರಧಾರಿ. ಕಟ್ಟಡದ ಕಲ್ಪನೆ ಮತ್ತು ಕಲ್ಲಿನ ಕೆಲಸ ಇವೆರಡರ ನಡುವಿನ ಕೊಂಡಿಯಾಗಿ ಅವನು ನಿಲ್ಲುತ್ತಾನೆ ಎಂಬ ಅರ್ಥ ಆ ಪದದಲ್ಲಿಯೇ ಅಡಕವಾಗಿದೆ.

ಗಣಕ ವಿಜ್ಞಾನದಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಎಂದು ಕರೆಯಲಾಗುವ ಶಾಖೆಯನ್ನು ಕನ್ನಡದಲ್ಲಿ ತಂತ್ರಾಂಶ ವಾಸ್ತುಶಿಲ್ಪ ಎನ್ನಬಹುದು. ಒಂದು ತಂತ್ರಾಂಶ ವ್ಯವಸ್ಥೆಯಲ್ಲಿ ಯಾವ ಯಾವ ಭಾಗಗಳಿರಬೇಕು, ಅವು ಪರಸ್ಪರ ಹೇಗೆ ಮಾತನಾಡಬೇಕು, ಒಂದು ಭಾಗ ಕೆಟ್ಟಾಗ ಉಳಿದವು ಏನು ಮಾಡಬೇಕು ಎಂಬ ಮೂಲಭೂತ ನಿರ್ಣಯಗಳ ಸಮೂಹವೇ ಈ ವಾಸ್ತುಶಿಲ್ಪ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನವು ತಂತ್ರಾಂಶ ರಚನೆಯನ್ನು ಒಂದು ಎಂಜಿನಿಯರಿಂಗ್ ವಿಷಯವಾಗಿ ಚರ್ಚಿಸಿತು. ಅದೇ ವರ್ಷ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು ಗಣಕದ ಕಾರ್ಯನಿರ್ವಹಣಾ ವ್ಯವಸ್ಥೆಯೊಂದನ್ನು ಪದರ ಪದರವಾಗಿ ಕಟ್ಟಿದ ಬಗೆಯನ್ನು ಪ್ರಕಟಿಸಿದರು. 1992ರಲ್ಲಿ ಡಿವೇನ್ ಪೆರ್‍ರಿ ಮತ್ತು ಅಲೆಕ್ಸಾಂಡರ್ ವುಲ್ಫ್ ಅವರ ಪ್ರಬಂಧವು ಈ ಶಾಖೆಗೆ ಸೈದ್ಧಾಂತಿಕ ನೆಲೆಗಟ್ಟನ್ನು ಒದಗಿಸಿತು.

ಆದರೆ ವಾಸ್ತುಶಿಲ್ಪವು ನಕಾಶೆಯಲ್ಲಿ ಕೊನೆಗೊಳ್ಳುವುದಿಲ್ಲ. ನಕಾಶೆ ಬರೆದವನೇ ಕ್ರಮವಿಧಿಯ ಸಾಲುಗಳನ್ನೂ ಬರೆಯಬಲ್ಲವನಾಗಿ, ಅವು ಓಡುವ ಸ್ಥಳದ ಧೂಳು, ಬಿಸಿಲು, ವಿದ್ಯುತ್ತಿನ ಏರಿಳಿತಗಳನ್ನು ಬಲ್ಲವನಾಗಿರಬೇಕು ಎಂಬ ವಿಚಾರವನ್ನು ಹುನಗುಂದ ಸೀಮೆಯ ಮರೋಳದ ಹನಿ ನೀರಾವರಿ ಯೋಜನೆಯಂತಹ ಉದಾಹರಣೆಯ ಮೂಲಕ ಸ್ಪಷ್ಟಪಡಿಸಿಕೊಳ್ಳಲು ಸಾಧ್ಯವಿದೆ. ಈ ಪ್ರಬಂಧದ ಉದ್ದೇಶವೂ ಅದೇ ಆಗಿದೆ.

ನೆಲ ಮತ್ತು ಯೋಜನೆ

ಹುನಗುಂದ ಸೀಮೆಯು ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಪ್ರದೇಶ. ಕೂಡಲಸಂಗಮ ಇರುವುದು ಇಲ್ಲಿಯೇ. ಆದರೂ ಇಲ್ಲಿನ ಎರೆಹೊಲಗಳ ಬಹುಭಾಗ ಶತಮಾನಗಳಿಂದ ಮಳೆಯನ್ನೇ ನಂಬಿಕೊಂಡು ಬಂದಿದೆ. ನದಿ ತಗ್ಗಿನಲ್ಲಿದೆ, ಹೊಲ ಎತ್ತರದಲ್ಲಿದೆ. ಹಿಂಗಾರಿ ಬಿಳಿಜೋಳ, ಕಡಲೆ, ಸೂರ್ಯಕಾಂತಿ, ತೊಗರಿ ಮುಂತಾದ ಬೆಳೆಗಳು ಎರೆಮಣ್ಣು ಹಿಡಿದಿಟ್ಟುಕೊಂಡ ತೇವಾಂಶದ ಮೇಲೆ ನಿಂತಿವೆ. ಒಡ್ಡು ಹಾಕಿ ಮಳೆನೀರನ್ನು ಹೊಲದಲ್ಲಿಯೇ ತಡೆಯುವ ವಿದ್ಯೆ ಇಲ್ಲಿನ ರೈತರಿಗೆ ಪರಂಪರೆಯಿಂದ ಬಂದದ್ದು.

ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯು ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಈ ಭೂಮಿಗೆ ಒದಗಿಸಲು ಕೃಷ್ಣಾ ಭಾಗ್ಯ ಜಲ ನಿಗಮದ ಆಶ್ರಯದಲ್ಲಿ ರೂಪುಗೊಂಡಿತು. ಇದರ ಎರಡನೆಯ ಹಂತದಲ್ಲಿ ತೆರೆದ ಕಾಲುವೆಗಳ ಬದಲಾಗಿ ನೆಲದಡಿಯ ಪೈಪುಗಳ ಜಾಲವನ್ನು ಹಾಸಿ, ಸುಮಾರು 24,000 ಹೆಕ್ಟೇರ್, ಅಂದರೆ 59,000 ಎಕರೆಗೂ ಹೆಚ್ಚಿನ ಭೂಮಿಗೆ ಸಾಮುದಾಯಿಕ ಹನಿ ನೀರಾವರಿ ಕಲ್ಪಿಸುವ ಗುರಿಯನ್ನು ಇಟ್ಟುಕೊಳ್ಳಲಾಯಿತು. ಕಾಮಗಾರಿಯನ್ನು ಎರಡು ಭಾಗಗಳಾಗಿ ವಿಂಗಡಿಸಿ ಬೇರೆ ಬೇರೆ ಗುತ್ತಿಗೆಗಳಿಗೆ ವಹಿಸಲಾಯಿತು. 2017ರ ಹೊತ್ತಿಗೆ ಈ ಯೋಜನೆಯು ಏಷ್ಯಾದ ಅತಿ ದೊಡ್ಡ ಹನಿ ನೀರಾವರಿ ಯೋಜನೆಗಳಲ್ಲೊಂದು ಎಂಬ ಹೆಸರು ಪಡೆದಿತ್ತು. ಸ್ವಯಂಚಾಲಿತ ನಿಯಂತ್ರಣವು ಇದರ ಮುಖ್ಯ ಲಕ್ಷಣ.

ಇಂತಹ ಯೋಜನೆಗಳ ಸಾಮಾನ್ಯ ರಚನೆ ಹೀಗಿರುತ್ತದೆ. ನದಿಯ ದಡದ ಜಾಕ್‌ವೆಲ್‌ನಿಂದ ಪಂಪುಗಳು ನೀರನ್ನು ಎತ್ತರದ ತೊಟ್ಟಿಗೆ ಏರಿಸುತ್ತವೆ. ಅಲ್ಲಿಂದ ನೀರು ಮುಖ್ಯ ಪೈಪಿನ ಮೂಲಕ ಫಿಲ್ಟರುಗಳನ್ನು ದಾಟಿ, ಕವಲೊಡೆದು, ಪ್ರತಿಯೊಂದು ಹೊಲಗುಂಪಿನ ವಾಲ್ವ್ ಬಳಿಗೆ ಬರುತ್ತದೆ. ವಾಲ್ವ್ ಪಕ್ಕದಲ್ಲಿ ಸೌರಫಲಕ ಮತ್ತು ಬ್ಯಾಟರಿಯಿಂದ ನಡೆಯುವ ಸಣ್ಣ ಗಣಕವೊಂದಿರುತ್ತದೆ. ಅದನ್ನು ಇಲ್ಲಿ ಕ್ಷೇತ್ರ ಘಟಕ ಎಂದು ಕರೆಯಬಹುದು. ಇದು ರೇಡಿಯೋ ಮೂಲಕ ನಿಯಂತ್ರಣ ಕೊಠಡಿಯೊಡನೆ ಸಂಪರ್ಕದಲ್ಲಿರುತ್ತದೆ. ಕೊಠಡಿಯ ಮೇಲ್ವಿಚಾರಣಾ ತಂತ್ರಾಂಶಕ್ಕೆ ಸ್ಕಾಡಾ ಎಂಬ ಹೆಸರು ರೂಢಿಯಲ್ಲಿದೆ. ಮುಂದಿನ ವಿವೇಚನೆಯು ಈ ಸಾಮಾನ್ಯ ರಚನೆಯನ್ನು ಆಧರಿಸಿದೆ. ಯಾವುದೇ ಒಂದು ಸಂಸ್ಥೆಯ ತಂತ್ರಾಂಶದ ಪರಿಶೀಲನೆ ಇಲ್ಲಿಯ ವಿಷಯವಲ್ಲ.

ಈ ವ್ಯವಸ್ಥೆ ಬರುವ ಮೊದಲು ಕಾಲುವೆ ಪ್ರದೇಶಗಳಲ್ಲಿ ನೀರಿನ ಸರದಿಯನ್ನು ನಡೆಸುತ್ತಿದ್ದವನು ನೀರಗಂಟಿ. ಯಾರ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂಬ ಅವನ ನಿರ್ಣಯದ ಮೇಲೆ ಬಾಲಭಾಗದ ರೈತನ ಬೆಳೆ ನಿಂತಿರುತ್ತಿತ್ತು. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಆ ನಿರ್ಣಯವು ತಂತ್ರಾಂಶದೊಳಗೆ ಸೇರಿಕೊಂಡಿದೆ. ಆದ್ದರಿಂದ ತಂತ್ರಾಂಶದ ರಚನೆಯೆಂದರೆ ಇಲ್ಲಿ ನೀರಿನ ಹಂಚಿಕೆಯ ರಚನೆಯೇ ಆಗಿದೆ.

ನಿರ್ಣಯದ ನೆಲೆ ಯಾವುದು?

ಹೊಸದಾಗಿ ವಿನ್ಯಾಸಕ್ಕೆ ತೊಡಗುವವರಿಗೆ ಸಹಜವಾಗಿ ಹೊಳೆಯುವ ಯೋಚನೆಯೆಂದರೆ ಎಲ್ಲ ಬುದ್ಧಿಯನ್ನೂ ಕೇಂದ್ರದಲ್ಲಿಡುವುದು. ನಿಯಂತ್ರಣ ಕೊಠಡಿಯ ಗಣಕವು ಪ್ರತಿಯೊಂದು ಘಟಕವನ್ನೂ ಕೇಳುತ್ತದೆ, ಉತ್ತರ ಪಡೆಯುತ್ತದೆ, ಆಜ್ಞೆ ನೀಡುತ್ತದೆ. ಕ್ಷೇತ್ರ ಘಟಕ ಆಜ್ಞಾಪಾಲಕ ಮಾತ್ರ. ಈ ಯೋಚನೆಯ ಮಿತಿ ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಒಂದೇ ರೇಡಿಯೋ ತರಂಗಾಂತರದಲ್ಲಿ 1,000 ಘಟಕಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಪ್ರಶ್ನೆ ಮತ್ತು ಉತ್ತರಕ್ಕೆ ಅರ್ಧ ಸೆಕೆಂಡು ಹಿಡಿದರೆ ಒಂದು ಸುತ್ತು ಮುಗಿಯಲು 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು ಬೇಕು. ಉತ್ತರ ಬಾರದ ಘಟಕಗಳನ್ನು ಮತ್ತೆ ಕೇಳುವ ಸಮಯ ಇದರಲ್ಲಿ ಸೇರಿಲ್ಲ. ಪೈಪೊಂದು ಒಡೆದು ನೀರು ಹರಿಯತೊಡಗಿದರೆ ಕೇಂದ್ರಕ್ಕೆ ಅದು ತಿಳಿಯುವ ಹೊತ್ತಿಗೆ ಹೊಲ ಕೆಸರುಗದ್ದೆಯಾಗಿರುತ್ತದೆ.

ಇದರ ವಿರುದ್ಧ ತುದಿಯಲ್ಲಿ, ಪ್ರತಿ ಘಟಕವೂ ಸ್ವತಂತ್ರವಾಗಿ ನಿರ್ಣಯಿಸಿದರೆ ಬೇರೆ ತೊಡಕು ಹುಟ್ಟುತ್ತದೆ. ತನ್ನ ಹೊಲಗುಂಪಿನ ಮಣ್ಣು ಒಣಗಿದೆಯೆಂದು ಪ್ರತಿಯೊಂದು ಘಟಕವೂ ಒಂದೇ ಗಳಿಗೆಯಲ್ಲಿ ವಾಲ್ವ್ ತೆರೆದರೆ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. ಪಂಪಿನ ಬಳಿಯಿರುವವರಿಗೆ ನೀರು ಸಿಗುತ್ತದೆ, ದೂರದವರಿಗೆ ಸಿಗುವುದಿಲ್ಲ. ದಿನಕ್ಕೆ ಸರಾಸರಿ 4 ಮಿಲಿಮೀಟರ್ ನೀರು ಕೊಡುವುದಾದರೆ ಒಂದು ಹೆಕ್ಟೇರಿಗೆ 40 ಘನಮೀಟರ್, 24,000 ಹೆಕ್ಟೇರಿಗೆ 9,60,000 ಘನಮೀಟರ್ ಬೇಕಾಗುತ್ತದೆ. ಇದನ್ನು ಏಕಕಾಲಕ್ಕೆ ಎಲ್ಲೆಡೆ ಹರಿಸಬಲ್ಲಷ್ಟು ದೊಡ್ಡ ಪೈಪುಗಳನ್ನು ಹಾಕುವುದು ಮಿತವ್ಯಯವಲ್ಲ. ಆದ್ದರಿಂದ ಸರದಿ ಅನಿವಾರ್ಯ. ಸರದಿಯನ್ನು ನಿರ್ಧರಿಸಲು ಇಡೀ ಜಾಲವನ್ನು ಕಾಣಬಲ್ಲ ಒಂದು ಕಣ್ಣು ಬೇಕು.

ಹೀಗಾಗಿ ಪ್ರತಿ ನಿರ್ಣಯವನ್ನೂ ಅದಕ್ಕೆ ಬೇಕಾದ ಮಾಹಿತಿ ಮತ್ತು ವೇಗ ಎರಡೂ ದೊರೆಯುವ ಜಾಗದಲ್ಲಿ ಇಡಬೇಕಾಗುತ್ತದೆ. ಒತ್ತಡ ಹಠಾತ್ತನೆ ಬಿದ್ದಾಗ ವಾಲ್ವ್ ಮುಚ್ಚುವುದು ಕ್ಷೇತ್ರ ಘಟಕದ ಕೆಲಸ. ಪಂಪು ಮತ್ತು ವಾಲ್ವ್‌ಗಳ ಹೊಂದಾಣಿಕೆ ಪಂಪ್‌ಹೌಸ್ ಮಟ್ಟದ ನಿಯಂತ್ರಕದ ಕೆಲಸ. ವಾರದ ಸರದಿಯನ್ನು ರೂಪಿಸುವುದು ಕೇಂದ್ರದ ಕೆಲಸ. ಸುರಕ್ಷತೆ ಹತ್ತಿರದಲ್ಲಿರಬೇಕು, ನ್ಯಾಯಯುತ ಹಂಚಿಕೆ ಎತ್ತರದಲ್ಲಿರಬೇಕು ಎಂದು ಇದನ್ನು ಸಂಗ್ರಹಿಸಬಹುದು.

ಇದರ ಬೆನ್ನಿಗೇ ಬರುವ ಪ್ರಶ್ನೆಯೆಂದರೆ ಸಂಪರ್ಕ ಕಡಿದಾಗ ಏನಾಗಬೇಕು ಎಂಬುದು. ಗಾಳಿಮಳೆಗೆ ರೇಡಿಯೋ ಕಂಬ ಬಿದ್ದು ಎರಡು ದಿನ ಕೇಂದ್ರ ಮೌನವಾಗಿದ್ದರೆ ಕ್ಷೇತ್ರ ಘಟಕವು ಕೈಕಟ್ಟಿ ಕೂರಬೇಕೇ? ಒಂದು ವಾರದ ಸರದಿಯನ್ನು ಘಟಕದ ನೆನಪಿನಲ್ಲಿಯೇ ಇಟ್ಟರೆ ಈ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ. ದಿನಕ್ಕೆ ನಾಲ್ಕು ಬಾರಿಯಂತೆ ವಾರಕ್ಕೆ 28 ನಮೂದುಗಳು; ಒಂದು ನಮೂದಿಗೆ 16 ಬೈಟ್ ಎಂದರೆ ಒಟ್ಟು 448 ಬೈಟ್. ಅತಿ ಅಗ್ಗದ ಗಣಕ ಚಿಪ್ಪಿನಲ್ಲಿಯೂ ಇಷ್ಟು ಜಾಗ ಇರುತ್ತದೆ. ಆದರೆ ವಾರದ ನಂತರವೂ ಮೌನ ಮುಂದುವರಿದರೆ ಹಳೆಯ ಸರದಿಯನ್ನೇ ಪುನರಾವರ್ತಿಸಬೇಕೇ, ವಾಲ್ವ್ ಮುಚ್ಚಿಕೊಳ್ಳಬೇಕೇ? ಮೊದಲನೆಯದರಲ್ಲಿ ನೀರು ಪೋಲಾಗುವ ಭಯವಿದೆ. ಎರಡನೆಯದರಲ್ಲಿ ಬೆಳೆ ಒಣಗುವ ಭಯವಿದೆ. ಕ್ರಮವಿಧಿಕಾರನು ಸಾಮಾನ್ಯವಾಗಿ ಯಾರನ್ನೂ ಕೇಳದೆ ಒಂದು ಸಂಖ್ಯೆಯನ್ನು ಬರೆದುಬಿಡುವ ಜಾಗ ಇದು. ವಾಸ್ತವದಲ್ಲಿ ಇದು ನೀರು ಬಳಕೆದಾರರ ಸಂಘದ ಮುಂದೆ ಚರ್ಚೆಗೆ ಬರಬೇಕಾದ ನೀತಿ. ಇಂತಹ ಪ್ರಶ್ನೆಗಳನ್ನು ಗುರುತಿಸಿ ಸಂಬಂಧಪಟ್ಟವರ ಮುಂದಿಡುವುದು ವಾಸ್ತುಶಿಲ್ಪಿಯ ಕರ್ತವ್ಯಗಳಲ್ಲಿ ಮುಖ್ಯವಾದುದು.

ಅನುಕ್ರಮದ ಶಿಸ್ತು

ಕಾಗದದ ಮೇಲೆ ವಾಲ್ವ್ ಒಂದು ಸಣ್ಣ ಚೌಕ. ತೆರೆ, ಮುಚ್ಚು ಎಂಬ ಎರಡೇ ಆಜ್ಞೆಗಳು. ನೆಲದಲ್ಲಿ ಹಾಗಲ್ಲ. ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿರುವ ನೀರನ್ನು ತಟ್ಟನೆ ತಡೆದರೆ ಒತ್ತಡದ ಅಲೆಯೊಂದು ಹಿಂದಕ್ಕೆ ಧಾವಿಸುತ್ತದೆ. ಉಕ್ಕಿನ ಪೈಪಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 1,000 ಮೀಟರ್. ಆಗ ಏರುವ ಒತ್ತಡ ಸುಮಾರು 10 ಬಾರ್, ಅಂದರೆ 100 ಮೀಟರ್ ಎತ್ತರದ ನೀರಿನ ಕಂಬದಷ್ಟು. ಪ್ಲಾಸ್ಟಿಕ್ ಪೈಪಿನಲ್ಲಿ ಅಲೆ ನಿಧಾನವಾಗಿರುವುದರಿಂದ ಈ ಹೊಡೆತ ಕಡಿಮೆಯಾದರೂ ಜೋಡಣೆಗಳನ್ನು ಸಡಿಲಿಸಲು ಸಾಕಾಗುತ್ತದೆ. ಆದ್ದರಿಂದ ಸರದಿ ಬದಲಾಗುವಾಗ ಮುಂದಿನ ವಾಲ್ವ್ ತೆರೆದ ಬಳಿಕವೇ ಹಿಂದಿನದು ನಿಧಾನವಾಗಿ ಮುಚ್ಚಬೇಕು. ಕನಿಷ್ಠ ಸಂಖ್ಯೆಯ ವಾಲ್ವ್‌ಗಳು ತೆರೆದಿರದೆ ಪಂಪು ಚಾಲನೆಗೊಳ್ಳಬಾರದು. ಈ ನಿಯಮಗಳು ಕೇಂದ್ರದ ಪರದೆಯಲ್ಲಿ ಎಚ್ಚರಿಕೆಯ ಸಂದೇಶಗಳಾಗಿದ್ದರೆ ಸಾಲದು. ಕೇಂದ್ರದಿಂದ ತಪ್ಪು ಆಜ್ಞೆ ಬಂದರೂ ಪಂಪ್‌ಹೌಸ್‌ನ ನಿಯಂತ್ರಕವು ಅದನ್ನು ನಿರಾಕರಿಸುವಂತಿರಬೇಕು.

ಎರಡನೆಯ ಶಿಸ್ತು ಪುನರಾವರ್ತನೆಗೆ ಸಂಬಂಧಿಸಿದ್ದು. 'ಎರಡು ಗಂಟೆ ನೀರು ಬಿಡು' ಎಂಬ ಆಜ್ಞೆಯನ್ನು ಕೇಂದ್ರ ಕಳುಹಿಸುತ್ತದೆ. ಘಟಕ ಅದನ್ನು ಪಡೆದು ವಾಲ್ವ್ ತೆರೆಯುತ್ತದೆ. ಆದರೆ ಅದರ ಉತ್ತರ ದಾರಿಯಲ್ಲಿ ಕಳೆದುಹೋಗುತ್ತದೆ. ಉತ್ತರ ಕಾಣದ ಕೇಂದ್ರ ಅರ್ಧ ಗಂಟೆಯ ಬಳಿಕ ಮತ್ತೆ ಅದೇ ಆಜ್ಞೆಯನ್ನು ಕಳುಹಿಸಿದರೆ ಘಟಕವು ಅಲ್ಲಿಂದ ಮತ್ತೆ ಎರಡು ಗಂಟೆ ಎಣಿಸತೊಡಗಬಹುದು. ಹೀಗೆ ಮೂರು ಬಾರಿ ಆದರೆ ಒಬ್ಬರ ಹೊಲ ನೀರಿನಲ್ಲಿ ನೆನೆಯುತ್ತದೆ, ಮುಂದಿನ ಸರದಿಯವರು ಕಾಯುತ್ತ ನಿಲ್ಲುತ್ತಾರೆ. ಪರಿಹಾರ ಸರಳ: ಆಜ್ಞೆಗೊಂದು ಕ್ರಮಸಂಖ್ಯೆ ಇರಬೇಕು ಮತ್ತು ಅವಧಿಯ ಬದಲು ಮುಕ್ತಾಯದ ಸಮಯವನ್ನೇ ತಿಳಿಸಬೇಕು. '4,217ನೆಯ ಆಜ್ಞೆ: ಬೆಳಿಗ್ಗೆ 8 ಗಂಟೆಯವರೆಗೆ ತೆರೆದಿರಲಿ' ಎಂಬುದನ್ನು ಎಷ್ಟು ಬಾರಿ ಕೇಳಿಸಿಕೊಂಡರೂ ಫಲಿತಾಂಶ ಒಂದೇ.

ಹೀಗೆ ಮಾಡಿದಾಗ ಘಟಕದ ಗಡಿಯಾರ ಸರಿಯಿರಬೇಕೆಂಬ ಹೊಸ ಅಗತ್ಯ ಹುಟ್ಟುತ್ತದೆ. ಹತ್ತು ಲಕ್ಷಕ್ಕೆ 20 ಭಾಗ ತಪ್ಪುವ ಸಾಮಾನ್ಯ ಸ್ಫಟಿಕ ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡು, ವರ್ಷಕ್ಕೆ 10 ನಿಮಿಷಕ್ಕೂ ಹೆಚ್ಚು ತಪ್ಪುತ್ತದೆ. ದಿನಕ್ಕೊಮ್ಮೆ ಕೇಂದ್ರದ ಸಮಯವನ್ನು ಹಂಚಿದರೆ ಇದು ಸರಿಹೋಗುತ್ತದೆ. ಒಂದು ಪರಿಹಾರವು ಮತ್ತೊಂದು ಅವಲಂಬನೆಯನ್ನು ತರುತ್ತದೆ ಎಂಬುದಕ್ಕೆ ಇದು ಚಿಕ್ಕ ನಿದರ್ಶನ.

ಬ್ಯಾಟರಿಯಿಂದ ನಡೆಯುವ ಘಟಕಗಳಲ್ಲಿ ವಿದ್ಯುತ್ತಿನ ಮಿತವ್ಯಯಕ್ಕಾಗಿ ಒಂದು ಕ್ಷಣದ ವಿದ್ಯುತ್ ಮಿಡಿತದಿಂದ ತೆರೆದು, ಮತ್ತೊಂದು ಮಿಡಿತದಿಂದ ಮುಚ್ಚುವ ಬಗೆಯ ವಾಲ್ವ್ ಚಾಲಕಗಳನ್ನು ಬಳಸುತ್ತಾರೆ. ಮಿಡಿತವಿಲ್ಲದಿದ್ದರೆ ಅವು ಇದ್ದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಮೋಡ ಕವಿದ ದಿನಗಳಲ್ಲಿ ಬ್ಯಾಟರಿ ಬರಿದಾದರೆ ತೆರೆದ ವಾಲ್ವ್ ತೆರೆದೇ ಇರುತ್ತದೆ. ಆದ್ದರಿಂದ ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದಾಗ, ಕೊನೆಯ ಮಿಡಿತಕ್ಕೆ ಬೇಕಾದ ಶಕ್ತಿ ಉಳಿದಿರುವಾಗಲೇ, ವಾಲ್ವನ್ನು ಮುಚ್ಚುವ ಸಾಲೊಂದನ್ನು ಕ್ರಮವಿಧಿಯಲ್ಲಿ ಬರೆಯಬೇಕು. ವಾಲ್ವಿನ ಒಳರಚನೆಯನ್ನು ಬಿಚ್ಚಿ ನೋಡದ ವಿನ್ಯಾಸಕನಿಗೆ ಈ ಸಾಲಿನ ಅಗತ್ಯ ಹೊಳೆಯುವುದಿಲ್ಲ.

ಆಜ್ಞೆ, ಒಪ್ಪಿಗೆ, ಸಾಕ್ಷ್ಯ

ನಿಯಂತ್ರಣ ಕೊಠಡಿಯ ಪರದೆಯಲ್ಲಿ ಹಸಿರು ದೀಪ ಉರಿಯುತ್ತಿದೆ. ಹೊಲದಲ್ಲಿ ನೆಲ ಒಣಗಿದೆ. ಸ್ವಯಂಚಾಲಿತ ನೀರಾವರಿಯಲ್ಲಿ ಜಗಳ ಹುಟ್ಟುವುದು ಇಲ್ಲಿ. ಹಸಿರು ದೀಪದ ಅರ್ಥವೇನು ಎಂಬುದನ್ನು ತಂತ್ರಾಂಶವು ಮೂರು ಬೇರೆ ಬೇರೆ ಸಂಗತಿಗಳಾಗಿ ವಿಂಗಡಿಸಿ ದಾಖಲಿಸಬೇಕಾಗುತ್ತದೆ. ವಾಲ್ವ್ ತೆರೆಯಲು ಆಜ್ಞೆ ಹೋಗಿದೆ ಎಂಬುದು ಒಂದು. ಘಟಕ ಅದನ್ನು ಸ್ವೀಕರಿಸಿ ಮಿಡಿತ ಕೊಟ್ಟಿದೆ ಎಂಬುದು ಇನ್ನೊಂದು. ವಾಲ್ವಿನ ಆಚೆ ನೀರು ನಿಜವಾಗಿ ಹರಿದಿದೆ ಎಂಬುದು ಮೂರನೆಯದು. ಮೊದಲೆರಡು ಗಣಕದ ಮಾತು. ಮೂರನೆಯದಕ್ಕೆ ಮಾತ್ರ ಹರಿವಿನ ಮಾಪಕ ಮತ್ತು ಒತ್ತಡದ ಮಾಪಕಗಳ ಸಾಕ್ಷ್ಯ ಬೇಕು.

ಈ ಸಾಕ್ಷ್ಯಗಳನ್ನು ಹೊಂದಿಸಿ ಓದಿದಾಗ ರೋಗದ ಮೂಲವೂ ತಿಳಿಯುತ್ತದೆ. ವಾಲ್ವ್ ತೆರೆದಿದ್ದು, ಆಚೆಯ ಒತ್ತಡ ಸಮರ್ಪಕವಾಗಿದ್ದು ಹರಿವು ಕಡಿಮೆಯಿದ್ದರೆ ಹನಿ ರಂಧ್ರಗಳು ಕಟ್ಟಿಕೊಂಡಿರಬಹುದು. ಒತ್ತಡ ಕಡಿಮೆಯಾಗಿ ಹರಿವು ಹೆಚ್ಚಿದ್ದರೆ ಪೈಪು ಒಡೆದಿರಬಹುದು. ಫಿಲ್ಟರಿನ ಹಿಂದೆ ಮುಂದೆ ಒತ್ತಡದ ಅಂತರ ದಿನೇ ದಿನೇ ಏರುತ್ತಿದ್ದರೆ ನದಿಯ ಹೂಳು ಅದರಲ್ಲಿ ಕೂತಿದೆ ಎಂದರ್ಥ.

ಇಲ್ಲಿ ದತ್ತಾಂಶ ಸಂಗ್ರಹದ ಒಂದು ಮುಖ್ಯ ನಿಯಮವಿದೆ. ವಾಲ್ವಿನ ಪ್ರಸಕ್ತ ಸ್ಥಿತಿಯನ್ನು ಮಾತ್ರ ಇಟ್ಟುಕೊಂಡು, ಹೊಸದು ಬಂದಾಗ ಹಳೆಯದನ್ನು ಅಳಿಸುವ ಪದ್ಧತಿ ಸುಲಭವೇನೋ ಹೌದು. ಆದರೆ 'ಹೋದ ಗುರುವಾರ ರಾತ್ರಿ ನಮ್ಮ ಹೊಲಕ್ಕೆ ನೀರು ಬರಲಿಲ್ಲ' ಎಂದು ರೈತನೊಬ್ಬ ದೂರು ತಂದರೆ ಉತ್ತರಿಸಲು ಅಂಥ ವ್ಯವಸ್ಥೆಯಲ್ಲಿ ಏನೂ ಉಳಿದಿರುವುದಿಲ್ಲ. ಪ್ರತಿ ಘಟನೆಯನ್ನೂ ಅದರ ಸಮಯದೊಂದಿಗೆ ಒಂದರ ಕೆಳಗೊಂದು ಬರೆಯುತ್ತ ಹೋಗಿ, ಯಾವುದನ್ನೂ ತಿದ್ದದ ಲೆಕ್ಕಪುಸ್ತಕದ ಪದ್ಧತಿಯೇ ಇಲ್ಲಿ ಯುಕ್ತ. ಅಂಗಡಿಯ ಕಿರ್ದಿಯಲ್ಲಿ ತಪ್ಪು ನಮೂದನ್ನು ಅಳಿಸದೆ ಎದುರು ನಮೂದು ಹಾಕುವ ಕ್ರಮ ಇದಕ್ಕೆ ಸಮಾನವಾದುದು.

ಬದಲಾಗುವುದನ್ನು ಬೇರ್ಪಡಿಸುವುದು

1972ರಲ್ಲಿ ಡೇವಿಡ್ ಪಾರ್ನಾಸ್ ಅವರು ತಂತ್ರಾಂಶವನ್ನು ಭಾಗಗಳಾಗಿ ಒಡೆಯುವ ಮಾನದಂಡವನ್ನು ಕುರಿತು ಬರೆದ ಪ್ರಬಂಧ ಇಂದಿಗೂ ಪ್ರಸ್ತುತವಾಗಿದೆ. ಕೆಲಸದ ಹಂತಗಳಿಗೆ ಅನುಗುಣವಾಗಿ ಒಡೆಯುವ ಬದಲು, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕೆಂಬುದು ಅವರ ವಾದದ ತಿರುಳು.

ಮರೋಳದಂತಹ ಯೋಜನೆಯಲ್ಲಿ ಬದಲಾಗುವ ಸಂಗತಿಗಳು ಯಾವುವು? ಬೆಳೆ ಬದಲಾಗುತ್ತದೆ, ಕಡಲೆಯ ಹೊಲಕ್ಕೆ ಮೆಣಸಿನಕಾಯಿ ಅಥವಾ ಉಳ್ಳಾಗಡ್ಡಿ ಬರುತ್ತದೆ. ವಿದ್ಯುತ್ ಪೂರೈಕೆಯ ಸಮಯ ಬದಲಾಗುತ್ತದೆ. ಮಾಪಕ ತಯಾರಿಸುವ ಕಂಪನಿ ಬದಲಾಗುತ್ತದೆ. ಸಂಪರ್ಕ ವಿಧಾನ ಬದಲಾಗುತ್ತದೆ. ಇವುಗಳಲ್ಲಿ ಯಾವ ಬದಲಾವಣೆ ಬಂದರೂ ತಂತ್ರಾಂಶದ ಒಂದೇ ಭಾಗವನ್ನು ಮುಟ್ಟಿದರೆ ಸಾಕಾಗುವಂತಿರಬೇಕು. ಸರದಿ ರೂಪಿಸುವ ಭಾಗಕ್ಕೆ ಸಂದೇಶವು ರೇಡಿಯೋದಲ್ಲಿ ಹೋಯಿತೋ ಮೊಬೈಲ್ ಜಾಲದಲ್ಲಿ ಹೋಯಿತೋ ಎಂಬುದು ತಿಳಿದಿರಬೇಕಾದ ಅಗತ್ಯವಿಲ್ಲ. ಎಲ್ಲರಿಗೂ ತಿಳಿದ ಮುಕ್ತ ಸಂದೇಶ ನಿಯಮಗಳು ಇಲ್ಲಿ ನೆರವಾಗುತ್ತವೆ. 1979ರಲ್ಲಿ ಮೋಡಿಕಾನ್ ಸಂಸ್ಥೆ ಪ್ರಕಟಿಸಿದ ಮೋಡ್‌ಬಸ್ ಇಂದಿಗೂ ಕೈಗಾರಿಕೆಗಳಲ್ಲಿ ಬಳಕೆಯಲ್ಲಿದೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅವರು ರೂಪಿಸಿದ ಎಂಕ್ಯೂಟಿಟಿ ಮೂಲತಃ ತೈಲದ ಪೈಪುಗಳ ಮೇಲೆ ಉಪಗ್ರಹದ ಮೂಲಕ ಮಿತವ್ಯಯದಲ್ಲಿ ನಿಗಾ ಇಡಲು ಹುಟ್ಟಿದ್ದು. ದುರ್ಬಲ ಸಂಪರ್ಕಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಬದಲಾವಣೆಯ ಇನ್ನೊಂದು ಮೂಲ ಭೂದಾಖಲೆ. 2000ದ ದಶಕದ ಆರಂಭದಲ್ಲಿ ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯಡಿ ಗಣಕೀಕೃತಗೊಂಡವು. ರೈತನು ತನ್ನ ಹೊಲವನ್ನು ಗುರುತಿಸುವುದು ಸರ್ವೆ ನಂಬರು ಮತ್ತು ಹಿಸ್ಸೆಯಿಂದ, ಅಂದರೆ ಈ ಭಾಗದ ಮಾತಿನಲ್ಲಿ ಉತಾರದಿಂದ. ನೀರಾವರಿ ತಂತ್ರಾಂಶವು ಗುರುತಿಸುವುದು ವಾಲ್ವ್ ಸಂಖ್ಯೆಯಿಂದ. ಅಣ್ಣತಮ್ಮಂದಿರು ಪಾಲಾದಾಗ ಒಂದು ಹಿಸ್ಸೆ ಮೂರಾಗುತ್ತದೆ. ನೆಲದಡಿಯ ಪೈಪು ಮಾತ್ರ ಇದ್ದ ಹಾಗೆಯೇ ಇರುತ್ತದೆ. ವಾಲ್ವ್ ಮತ್ತು ಮಾಲೀಕರನ್ನು ಒಂದೇ ಪಟ್ಟಿಯಲ್ಲಿ ಬೆಸೆದ ತಂತ್ರಾಂಶ ಕೆಲವೇ ವರ್ಷಗಳಲ್ಲಿ ವಾಸ್ತವದಿಂದ ದೂರ ಸರಿಯುತ್ತದೆ. ಇವೆರಡನ್ನೂ ಬೇರೆಯಾಗಿಟ್ಟು, ನಡುವಿನ ಸಂಬಂಧವನ್ನು ದಿನಾಂಕದೊಂದಿಗೆ ದಾಖಲಿಸುವುದು ಉಚಿತ.

ಆದರೂ ತಂತ್ರಾಂಶದಿಂದ ಸಾಧ್ಯವಾಗದ ಸಂಗತಿಯೊಂದಿದೆ. ಸಾಮುದಾಯಿಕ ಯೋಜನೆಗಳಲ್ಲಿ ಒಂದು ವಾಲ್ವಿನ ಕೆಳಗೆ ಹಲವು ರೈತರ ಹೊಲಗಳಿರುತ್ತವೆ. ಒಬ್ಬರು ಜೋಳ, ಮತ್ತೊಬ್ಬರು ಮೆಣಸಿನಕಾಯಿ ಬೆಳೆದರೆ ಇಬ್ಬರಿಗೂ ಬೇಕಾದ ನೀರು ಬೇರೆ ಬೇರೆ. ವಾಲ್ವ್ ಮಾತ್ರ ಒಂದೇ. ಪೈಪು ಹೂಳುವ ದಿನವೇ ಈ ನಿರ್ಣಯ ಆಗಿಹೋಗಿರುತ್ತದೆ. ಮರೋಳ ಯೋಜನೆಯಲ್ಲಿ ಹನಿ ವ್ಯವಸ್ಥೆಯ ಬಳಕೆ ಎಲ್ಲ ಹೊಲಗಳಲ್ಲಿ ಸಮನಾಗಿ ಉಳಿಯಲಿಲ್ಲ. ಹನಿ ಪೈಪುಗಳು ಹಾಳಾದ, ಬಳಕೆ ನಿಂತ ಹೊಲಗಳ ಬಗ್ಗೆ ಪತ್ರಿಕಾ ವರದಿಗಳು ಬಂದಿವೆ. ಒಂದು ವಾಲ್ವಿನ ನೆರೆಹೊರೆಯವರು ಬೆಳೆ, ಸಮಯ, ದುರಸ್ತಿಗಳ ಬಗ್ಗೆ ಒಮ್ಮತಕ್ಕೆ ಬರದಿದ್ದರೆ ಅತಿ ನಿಖರವಾದ ತಂತ್ರಾಂಶವೂ ನಿಷ್ಪ್ರಯೋಜಕವಾಗುತ್ತದೆ. ಹೀಗಾಗಿ ವಾಸ್ತುಶಿಲ್ಪಿಯು ಅಗೆತದ ಕೆಲಸ ಆರಂಭವಾಗುವ ಮುನ್ನವೇ ಚರ್ಚೆಯಲ್ಲಿ ಪಾಲುಗೊಳ್ಳಬೇಕಾಗುತ್ತದೆ.

ಸಂಘಟನೆ ಮತ್ತು ಭದ್ರತೆ

1968ರಲ್ಲಿ ಮೆಲ್ವಿನ್ ಕಾನ್ವೇ ಅವರು ಮಾಡಿದ ಅವಲೋಕನವೊಂದು ಪ್ರಸಿದ್ಧವಾಗಿದೆ: ಯಾವುದೇ ಸಂಘಟನೆ ರೂಪಿಸುವ ವ್ಯವಸ್ಥೆಯು ಆ ಸಂಘಟನೆಯೊಳಗಿನ ಸಂವಹನದ ರಚನೆಯನ್ನೇ ಹೋಲುತ್ತದೆ. ಎರಡು ಗುತ್ತಿಗೆಗಳಲ್ಲಿ ನಡೆಯುವ ಕಾಮಗಾರಿಯಲ್ಲಿ ಎರಡು ಬಗೆಯ ಘಟಕ, ಎರಡು ಬಗೆಯ ಪರದೆ, ಎರಡು ಬಗೆಯ ದಾಖಲೆ ಮೂಡುವ ಸಾಧ್ಯತೆ ಸಹಜ. ನೀರಿನ ಮೂಲ ಒಂದೇ ಆಗಿರುವಾಗ ಹಂಚಿಕೆಯ ಲೆಕ್ಕ ಎರಡಾಗಬಾರದು. ಎರಡೂ ಭಾಗಗಳು ಒಂದೇ ಮಾದರಿಯಲ್ಲಿ ಒಪ್ಪಿಸಬೇಕಾದ ದತ್ತಾಂಶದ ಸ್ವರೂಪವನ್ನು ಟೆಂಡರು ಪತ್ರದಲ್ಲಿಯೇ ನಿರ್ದಿಷ್ಟಪಡಿಸುವುದು ಇದಕ್ಕೆ ಮದ್ದು. ಟೆಂಡರಿನ ಷರತ್ತೂ ತಂತ್ರಾಂಶ ವಾಸ್ತುಶಿಲ್ಪದ ಒಂದು ಅಂಗ ಎಂಬುದನ್ನು ಇದು ತೋರಿಸುತ್ತದೆ.

ಭದ್ರತೆಯ ವಿಚಾರದಲ್ಲಿ 2000ದ ಒಂದು ಘಟನೆ ಸ್ಮರಣೀಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಮರೂಚಿ ಪ್ರದೇಶದಲ್ಲಿ ಒಳಚರಂಡಿ ಪಂಪುಗಳನ್ನು ರೇಡಿಯೋ ಮೂಲಕ ನಿಯಂತ್ರಿಸಲಾಗುತ್ತಿತ್ತು. ಆ ವ್ಯವಸ್ಥೆಯನ್ನು ಅಳವಡಿಸುವ ಕೆಲಸದಲ್ಲಿ ಹಿಂದೆ ಇದ್ದ ವ್ಯಕ್ತಿಯೊಬ್ಬ ಹೊರಗಿನಿಂದ ಸುಳ್ಳು ಆಜ್ಞೆಗಳನ್ನು ಕಳುಹಿಸಿದ್ದರಿಂದ ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನ ಮತ್ತು ನದಿಗಳಿಗೆ ಹರಿಯಿತು. ಆಜ್ಞೆ ಕಳುಹಿಸಿದವರು ಯಾರು ಎಂಬುದನ್ನು ಪಂಪುಗಳು ಪರೀಕ್ಷಿಸುತ್ತಿರಲಿಲ್ಲ. ಮುಚ್ಚಿದ ಕೊಠಡಿಯ ಬೀಗ ಬಯಲಿನ ರೇಡಿಯೋಗೆ ರಕ್ಷಣೆ ಕೊಡುವುದಿಲ್ಲ. ಪ್ರತಿ ಆಜ್ಞೆಗೂ ಗುಪ್ತ ಸಹಿ ಬೇಕು, ಹಳೆಯ ಆಜ್ಞೆಯನ್ನು ಹಿಡಿದಿಟ್ಟು ಮರುಕಳುಹಿಸಿದರೆ ಅದನ್ನು ತಿರಸ್ಕರಿಸುವ ಕ್ರಮಸಂಖ್ಯೆ ಬೇಕು. ಪುನರಾವರ್ತನೆಯ ದೋಷ ತಪ್ಪಿಸಲು ಇಟ್ಟ ಸಂಖ್ಯೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೈಕೆಲಸ ಬಲ್ಲ ವಾಸ್ತುಶಿಲ್ಪಿ

ಮೇಲಿನ ನಿರ್ಣಯಗಳಲ್ಲಿ ಹೆಚ್ಚಿನವು ಚಿತ್ರಪಟದಿಂದ ಹೊಳೆಯುವಂಥವಲ್ಲ. ಬ್ಯಾಟರಿಯ ಕೊನೆಯ ಮಿಡಿತ, ಉತ್ತರ ಕಳೆದುಹೋದ ಆಜ್ಞೆ, ಹೂಳು ತುಂಬಿದ ಫಿಲ್ಟರ್ ಇವೆಲ್ಲ ಕೆಲಸದ ಜಾಗದಲ್ಲಿ ನಿಂತವರಿಗೆ ಮಾತ್ರ ಕಾಣುತ್ತವೆ. ಆದ್ದರಿಂದ ಪರೀಕ್ಷೆಯನ್ನು ವಿನ್ಯಾಸದ ಅಂಗವಾಗಿ ಪರಿಗಣಿಸಬೇಕು. ಸಾವಿರ ಘಟಕಗಳನ್ನು ಅನುಕರಿಸುವ ಸಣ್ಣ ಕ್ರಮವಿಧಿಯೊಂದನ್ನು ಬರೆದು, ಹತ್ತರಲ್ಲೊಂದು ಸಂದೇಶವನ್ನು ಬೇಕೆಂದೇ ಕಳೆದು, ಸರದಿ ನಿಲ್ಲುತ್ತದೆಯೇ ಎಂದು ನೋಡಬಹುದು. ಬಳಿಕ ಒಂದೇ ಒಂದು ಹೊಲಗುಂಪಿನಲ್ಲಿ ನಿಜವಾದ ಘಟಕವನ್ನಿಟ್ಟು, ಅದರ ಬ್ಯಾಟರಿ ತಂತಿ ಕಿತ್ತು, ರೇಡಿಯೋ ನಿಲ್ಲಿಸಿ, ಗಡಿಯಾರ ಹಿಂದೆ ಮುಂದೆ ಮಾಡಿ ಪರೀಕ್ಷಿಸಬೇಕು. ಒಂದು ಹಂಗಾಮು ಹೀಗೆ ನಡೆದ ಮೇಲೆ ವಿಸ್ತರಿಸಿದರೆ ದೋಷದ ಬೆಲೆ ಒಂದು ವಾಲ್ವಿಗೆ ಸೀಮಿತವಾಗಿರುತ್ತದೆ.

ಎರಡನೆಯ ಅಂಶ ನಿರ್ಣಯಗಳ ದಾಖಲೆ. ಯಾವ ಸಂದರ್ಭದಲ್ಲಿ ಯಾವ ನಿರ್ಣಯ ಕೈಗೊಳ್ಳಲಾಯಿತು, ಅದರ ಪರಿಣಾಮಗಳೇನು ಎಂಬುದನ್ನು ಒಂದೆರಡು ಪುಟಗಳಲ್ಲಿ ಬರೆದು ಕ್ರಮವಿಧಿಯ ಜೊತೆಗೇ ಇಡುವ ಪದ್ಧತಿಯನ್ನು 2011ರಲ್ಲಿ ಮೈಕೆಲ್ ನೈಗಾರ್ಡ್ ಪ್ರಚುರಪಡಿಸಿದರು. 'ಕೇಂದ್ರ ಮೌನವಾದರೆ ಏಳು ದಿನ ಹಳೆಯ ಸರದಿ ನಡೆಯಲಿ. ನಂತರ ವಾಲ್ವ್ ಮುಚ್ಚಲಿ' ಎಂಬ ನಿರ್ಣಯ ಯಾರ ಒಪ್ಪಿಗೆಯಿಂದ ಆಯಿತು ಎಂಬುದು ಹತ್ತು ವರ್ಷದ ಬಳಿಕ ಬರುವ ಎಂಜಿನಿಯರನಿಗೆ ತಿಳಿಯಬೇಕು. ನೀರು ಬಳಕೆದಾರರ ಸಂಘದವರು ಓದಬಲ್ಲಂತೆ ಈ ದಾಖಲೆಗಳು ಕನ್ನಡದಲ್ಲಿಯೂ ಇರಬೇಕು. ಪರದೆಯ ಎಚ್ಚರಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒತ್ತಡ ಕುಸಿದಿದೆ ಎಂಬ ಸಂದೇಶ ಪಂಪ್‌ಹೌಸ್‌ನ ಕೆಲಸಗಾರನಿಗೆ ಅರ್ಥವಾಗದಿದ್ದರೆ ಮಾಪಕವಿದ್ದೂ ಪ್ರಯೋಜನವಿಲ್ಲ.

ಮೂರನೆಯದು ಮನುಷ್ಯನಿಗೆ ಬಿಟ್ಟುಕೊಡಬೇಕಾದ ಜಾಗ. ಪ್ರತಿ ವಾಲ್ವಿಗೂ ಕೈಯಿಂದ ತಿರುಗಿಸುವ ಹಿಡಿಕೆ ಇರುತ್ತದೆ. ಯಾರಾದರೂ ಅದನ್ನು ತಿರುಗಿಸಿದರೆ ತಂತ್ರಾಂಶವು ಅದನ್ನು ಗುರುತಿಸಿ, ದಾಖಲಿಸಿ, ತನ್ನ ಸರದಿಯನ್ನು ಹೊಂದಿಸಿಕೊಳ್ಳಬೇಕು. ಕೈಯಿಂದ ತೆರೆಯುವುದನ್ನು ಅಪರಾಧವೆಂದು ಮಾತ್ರ ಕಾಣುವ ವ್ಯವಸ್ಥೆ ತನ್ನ ಸೋಲಿನ ಸುದ್ದಿಯನ್ನೇ ತಾನು ಕಳೆದುಕೊಳ್ಳುತ್ತದೆ. ಒಂದೇ ವಾಲ್ವನ್ನು ಜನ ಪದೇ ಪದೇ ಕೈಯಿಂದ ತೆರೆಯುತ್ತಿದ್ದಾರೆಂದರೆ ಅಲ್ಲಿನ ಸರದಿ ಬೆಳೆಗೆ ಹೊಂದಿಲ್ಲ ಎಂಬ ಸೂಚನೆ ಅದರಲ್ಲಿರಬಹುದು.

ಉಪಸಂಹಾರ

ತಂತ್ರಾಂಶ ವಾಸ್ತುಶಿಲ್ಪವನ್ನು ಕುರಿತ ಬರಹಗಳು ಬಹುಮಟ್ಟಿಗೆ ಬ್ಯಾಂಕು, ವಾಣಿಜ್ಯ, ಅಂತರಜಾಲದ ಉದಾಹರಣೆಗಳನ್ನು ಆಶ್ರಯಿಸಿವೆ. ಅಲ್ಲಿ ತಪ್ಪಿದ ವ್ಯವಹಾರವನ್ನು ಮರುದಿನ ಸರಿಪಡಿಸಬಹುದು. ತೆನೆ ಕಟ್ಟುವ ವಾರದಲ್ಲಿ ತಪ್ಪಿದ ನೀರನ್ನು ಮುಂದಿನ ತಿಂಗಳು ಕೊಟ್ಟರೆ ಫಲವಿಲ್ಲ. ಈ ಕಾರಣದಿಂದ ಮರೋಳದಂತಹ ಯೋಜನೆಗಳು ಈ ಶಾಖೆಯ ಅಧ್ಯಯನಕ್ಕೆ ಹೆಚ್ಚು ಕಠಿಣವಾದ ಹಾಗೂ ಹೆಚ್ಚು ಫಲಪ್ರದವಾದ ಕ್ಷೇತ್ರವಾಗಿವೆ.

ಈ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಸುಲಭವಾಗಿ ಅಳಿದುಹೋಗುವಂಥದು. ಗುತ್ತಿಗೆಯ ಅವಧಿ ಮುಗಿದಾಗ ಪಂಪು, ಪೈಪು, ವಾಲ್ವ್‌ಗಳ ಹಸ್ತಾಂತರ ಪಟ್ಟಿ ತಯಾರಾಗುತ್ತದೆ. ಅದರೊಂದಿಗೆ ಕ್ರಮವಿಧಿಯ ಮೂಲಪಾಠ, ಸಂದೇಶ ನಿಯಮಗಳ ವಿವರ, ವಾಲ್ವ್ ಮತ್ತು ಸರ್ವೆ ನಂಬರುಗಳ ಸಂಬಂಧಪಟ್ಟಿ, ಘಟನೆಗಳ ದಾಖಲೆ, ನಿರ್ಣಯಗಳ ಟಿಪ್ಪಣಿ ಇವೂ ನಿಗಮದ ಹಾಗೂ ನೀರು ಬಳಕೆದಾರರ ಸಂಘಗಳ ವಶಕ್ಕೆ ಬರಬೇಕು; ಒಂದು ಪ್ರತಿ ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿಯಬೇಕು. ಇವುಗಳಿಲ್ಲದೆ ಉಳಿಯುವ ಯಂತ್ರ ಒಂದು ಬಿಡಿಭಾಗ ಕೆಟ್ಟ ದಿನವೇ ಮೂಕವಾಗುತ್ತದೆ. ಇವುಗಳಿದ್ದರೆ ಹುನಗುಂದ, ಇಳಕಲ್ಲಿನ ತಾಂತ್ರಿಕ ವಿದ್ಯಾರ್ಥಿಯೊಬ್ಬ ಕೆಟ್ಟ ಘಟಕವನ್ನು ಬಿಚ್ಚಿ, ಅದರ ನಿಯಮಗಳನ್ನು ಓದಿ, ಅಷ್ಟೇ ಕೆಲಸ ಮಾಡುವ ಮತ್ತೊಂದನ್ನು ತಾನೇ ರೂಪಿಸಬಲ್ಲನು.